ಹಳೆಯ ಬಾಕ್ಸ್‌ಸ್ಟರ್, ಕೇಮನ್: ಯಾವ ವರ್ಷದ್ದು ಕೊಳ್ಳಬೇಕು?

ಪ್ರಶ್ನೆ: ನಮ್ಮದು ಮಂಡ್ಯ. ಎರಡು ಸೀಟಿನ ಪೋರ್ಷೆ ಇಟ್ಟುಕೊಳ್ಳಬೇಕು ಅನ್ನೋದು ಬಹಳ ವರ್ಷದ ಆಸೆ. ಹೊಸದಕ್ಕೆ ಕೈ ಎಟುಕಲ್ಲ, ಸೆಕೆಂಡ್ ಹ್ಯಾಂಡೇ ಗತಿ. ಈಗ ನಾಲ್ಕು ಕಾರು ಕಣ್ಣ ಮುಂದಿವೆ: ದೆಹಲಿ ನೋಂದಣಿಯ 2007ರ ಕೇಮನ್ ಎಸ್, ಬೆಂಗಳೂರಿನ 2010ರ ಬಾಕ್ಸ್‌ಸ್ಟರ್ ಎಸ್, ಮುಂಬೈಯ 2014ರ ಬಾಕ್ಸ್‌ಸ್ಟರ್, ಕೊಚ್ಚಿಯ 2017ರ 718 ಬಾಕ್ಸ್‌ಸ್ಟರ್. ಮೊದಲನೆಯದು ಕೊನೆಯದರ ಅರ್ಧ ಬೆಲೆಗೂ ಕಡಿಮೆ. ಓಡಿಸೋದು ತಿಂಗಳಿಗೆ ಎರಡು ಮೂರು ಸಲ, ಮೈಸೂರು ಇಲ್ಲ ಬೆಂಗಳೂರು ಕಡೆಗೆ. ಯಾವ ವರ್ಷದ್ದು ತಗೊಳ್ಳಲಿ?

ಉತ್ತರ: 2014ರದ್ದು. ತಪಾಸಣೆಯಲ್ಲಿ ಅದು ನಿಲ್ಲದಿದ್ದರೆ 2010ರದ್ದು. 2007ರದ್ದನ್ನು ಬರೀ ಬೆಲೆ ನೋಡಿ ತರಬೇಡಿ. 2017ರದ್ದು ಒಳ್ಳೆಯ ಕಾರೇ, ಆದರೆ ನೀವು ಇಷ್ಟು ವರ್ಷ ಆಸೆಪಟ್ಟ ಸದ್ದು ಅದರಲ್ಲಿಲ್ಲ.

ಮಾಮೂಲಿ ಕಾರು ಕೊಳ್ಳುವಾಗ ವರ್ಷ ಅಂದರೆ ವಯಸ್ಸು. ಒಂದು ವರ್ಷ ಹೊಸದಾದರೆ ಒಂದಷ್ಟು ಹೆಚ್ಚು ದುಡ್ಡು, ಅಲ್ಲಿಗೆ ಲೆಕ್ಕ ಮುಗಿಯಿತು. ಬಾಕ್ಸ್‌ಸ್ಟರ್, ಕೇಮನ್ ವಿಷಯದಲ್ಲಿ ವರ್ಷ ಅಂದರೆ ಎಂಜಿನ್. 2008ರ ಕಾರನ್ನೂ 2009ರ ಕಾರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಹೊರಗೆ ಕಾಣುವುದು ದೀಪ, ಬಂಪರುಗಳ ವ್ಯತ್ಯಾಸ. ಒಳಗೆ ಎಂಜಿನ್ನೇ ಬೇರೆ, ಆಟೊಮ್ಯಾಟಿಕ್ ಗೇರ್‌ಬಾಕ್ಸೂ ಬೇರೆ. ಆದ್ದರಿಂದ ಮೊದಲು ಪೀಳಿಗೆ ಆರಿಸಿ, ಅದರೊಳಗೆ ಒಳ್ಳೆಯ ಸ್ಥಿತಿಯ ಕಾರು ಹುಡುಕಿ. ಒಂದೇ ಪೀಳಿಗೆಯೊಳಗೆ ಒಂದೆರಡು ವರ್ಷ ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮೊದಲ ಬಾಕ್ಸ್‌ಸ್ಟರ್ ಬಂದದ್ದು 1996ರಲ್ಲಿ. ಅದರ ಕಾರ್ಖಾನೆಯ ಸಂಖ್ಯೆ 986. 2004ರ ಕೊನೆಗೆ 987 ಬಂತು, ಅದರ ಮುಚ್ಚಿದ ಛಾವಣಿಯ ಜೋಡಿಯೇ ಕೇಮನ್. 2009ರಲ್ಲಿ 987ರ ಎಂಜಿನ್ ಪೂರ್ತಿ ಬದಲಾಯಿತು. 2012ರಲ್ಲಿ 981 ಬಾಕ್ಸ್‌ಸ್ಟರ್, ಮರುವರ್ಷ 981 ಕೇಮನ್. 2016ರಿಂದ 718. ನಿಮ್ಮ ನಾಲ್ಕು ಕಾರುಗಳು ಸರಿಯಾಗಿ ಈ ನಾಲ್ಕು ಹಂತಕ್ಕೆ ಒಂದೊಂದರಂತೆ ಬಿದ್ದಿವೆ: ಹಳೇ ಎಂಜಿನ್ನಿನ 987, ಹೊಸ ಎಂಜಿನ್ನಿನ 987, 981, 718.

2008ರವರೆಗಿನ ಎಂಜಿನ್ ಬಗ್ಗೆ ಯಾರನ್ನು ಕೇಳಿದರೂ ಮೊದಲು ಹೇಳುವುದು ಐಎಂಎಸ್ ಬೇರಿಂಗ್. ಕ್ರ್ಯಾಂಕ್ ಶಾಫ್ಟಿನ ತಿರುಗಾಟವನ್ನು ಕ್ಯಾಮ್ ಶಾಫ್ಟುಗಳಿಗೆ ಒಯ್ಯಲು ಈ ಎಂಜಿನ್ನಿನಲ್ಲಿ ನಡುವೆ ಇನ್ನೊಂದು ಶಾಫ್ಟ್ ಇದೆ, ಅದೇ ಐಎಂಎಸ್. ಅದರ ಫ್ಲೈವೀಲ್ ಕಡೆಯ ತುದಿ ಕೂತಿರುವುದು ಸೀಲ್ ಮಾಡಿದ ಒಂದು ಬಾಲ್ ಬೇರಿಂಗ್ ಮೇಲೆ. ವರ್ಷ ಕಳೆದಂತೆ ಸೀಲ್ ಸಡಿಲವಾಗಿ ಎಂಜಿನ್ ಆಯಿಲ್ ಒಳಗೆ ನುಗ್ಗುತ್ತದೆ, ಇದ್ದ ಗ್ರೀಸ್ ತೊಳೆದುಹೋಗುತ್ತದೆ. ಸೀಲ್ ಅಡ್ಡ ಇರುವುದರಿಂದ ಹೊಸ ಆಯಿಲ್ ಧಾರಾಳವಾಗಿ ಓಡಾಡುವುದಿಲ್ಲ. ಒಳಗೆ ಸೇರಿದ ಕೊಳಕು ಆಯಿಲ್ ಅಲ್ಲೇ ನಿಲ್ಲುತ್ತದೆ. ಗುಂಡುಗಳು ಸವೆದು ಬೇರಿಂಗ್ ಒಡೆದರೆ ಶಾಫ್ಟ್ ಅಲುಗಾಡುತ್ತದೆ, ಚೈನ್ ಟೈಮಿಂಗ್ ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಆಮೇಲೆ ಅದು ರಿಪೇರಿಯ ಮಾತಲ್ಲ, ಇನ್ನೊಂದು ಎಂಜಿನ್ನಿನ ಮಾತು.

ಎಲ್ಲ ವರ್ಷಗಳಲ್ಲೂ ಇದು ಒಂದೇ ಸಮ ಅಲ್ಲ. ಶುರುವಿನ ಕಾರುಗಳಲ್ಲಿ ಎರಡು ಸಾಲಿನ ಬೇರಿಂಗ್ ಇತ್ತು, ಅದು ಸುಮಾರಾಗಿ ಗಟ್ಟಿ. 2000ದ ಹೊತ್ತಿಗೆ ಒಂದೇ ಸಾಲಿನದ್ದು ಬಂತು. 2005ರವರೆಗಿನ ಇವೇ ಕಾರುಗಳಿಂದ ಹೆಸರು ಕೆಟ್ಟದ್ದು. 2006ರಿಂದ 2008ರ ಕಾರುಗಳಲ್ಲಿ ಗಾತ್ರದಲ್ಲಿ ದೊಡ್ಡ ಬೇರಿಂಗ್ ಇದೆ, ಅದು ಕೈಕೊಡುವುದು ಅಪರೂಪ. ಆದರೆ ಹಿಂದಿನವನ್ನು ಕ್ಲಚ್ ಬಿಚ್ಚಿದಾಗ ಹಾಗೆಯೇ ಹೊರಗಿನಿಂದ ಬದಲಿಸಬಹುದಿತ್ತು. ದೊಡ್ಡದನ್ನು ಬದಲಿಸಬೇಕಾದರೆ ಎಂಜಿನ್ ಎರಡು ಹೋಳು ಮಾಡಬೇಕು. ನಿಮ್ಮ 2007ರ ಕಾರಿನಲ್ಲಿರುವುದು ಈ ದೊಡ್ಡದು. ಅಂದರೆ ಐಎಂಎಸ್ ಹೆಸರು ಹೇಳಿ ಆ ಕಾರನ್ನು ಬಿಡಬೇಕಾಗಿಲ್ಲ.

ಬಿಡಬೇಕಾದ ಕಾರಣ ಬೇರೆ. 2007ರ ಕೇಮನ್ ಎಸ್‌ನಲ್ಲಿರುವುದು 295 ಕುದುರೆ ಶಕ್ತಿಯ 3.4 ಲೀಟರ್ ಎಂಜಿನ್. ಅದರ ನಿಜವಾದ ಕಾಯಿಲೆ ಸಿಲಿಂಡರ್ ಗೋಡೆಯ ಗೀರು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಸಿಲಿಕಾನ್ ಸೇರಿಸಿ ಮಾಡಿದ ಗೋಡೆ, ಅದರ ಮೇಲೆ ಲೇಪನ ಕೊಟ್ಟ ಪಿಸ್ಟನ್ ಓಡುತ್ತದೆ. ಲೇಪನ ಸವೆದ ಮೇಲೆ ಅಲ್ಯೂಮಿನಿಯಮ್ಮಿಗೆ ಅಲ್ಯೂಮಿನಿಯಂ ಉಜ್ಜಿ ಉದ್ದುದ್ದ ಗೀರು ಬೀಳುತ್ತದೆ. ತಣ್ಣಗಿರುವ ಎಂಜಿನ್ನನ್ನು ಜೋರಾಗಿ ತುಳಿಯುವುದು, ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸುವುದು, ಚಾಲೂ ಮಾಡಿ ಒಂದೇ ಕಡೆ ಅರ್ಧ ಗಂಟೆ ನಿಲ್ಲಿಸುವುದು, ಎಲ್ಲವೂ ಇದನ್ನು ಬೇಗ ತರುತ್ತವೆ. ಲಕ್ಷಣ ಮೂರು: ಬಿಸಿಯಾದ ಮೇಲೂ ಒಂದೇ ಕಡೆಯಿಂದ ಟಕ್ ಟಕ್ ಸದ್ದು, ಆಯಿಲ್ ಬೇಗ ಕಡಿಮೆಯಾಗುವುದು, ಪ್ಲಗ್ ಬಿಚ್ಚಿದರೆ ಒಂದು ಬದಿಯ ಮೂರರಲ್ಲಿ ಒಂದೆರಡು ಎಣ್ಣೆ ಮೆತ್ತಿ ಕಪ್ಪಾಗಿರುವುದು. ಖಚಿತ ಮಾಡಿಕೊಳ್ಳಲು ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಲೇಬೇಕು. ಪ್ಲಗ್ ತೂತಿನಿಂದ ನೋಡುವುದಾದರೆ ಪಿಸ್ಟನ್ ಕೆಳಗೆ ಇಳಿದಿರುವಾಗ ನೋಡಬೇಕು. ಗೀರು ಹೆಚ್ಚಾಗಿ ಇರುವುದು ಗೋಡೆಯ ಕೆಳಭಾಗದಲ್ಲಿ, ಹಾಗಾಗಿ ಆಯಿಲ್ ಸಂಪ್ ಬಿಚ್ಚಿ ಕೆಳಗಿನಿಂದ ನೋಡಿದರೆ ಇನ್ನೂ ಸ್ಪಷ್ಟ. ಎಂಜಿನ್ ಸೀಟಿನ ಹಿಂದೆ ಹುದುಗಿರುವ ಕಾರು ಇದು, ಲಿಫ್ಟ್ ಮೇಲೆ ಅರ್ಧ ದಿನದ ಕೆಲಸ. ದೆಹಲಿಯ ಮಾರಾಟಗಾರ ಅದಕ್ಕೆ ಒಪ್ಪದಿದ್ದರೆ ಅಲ್ಲಿಗೆ ಕೈಮುಗಿದು ಬನ್ನಿ. ಆ ಕಾರಿನ ಆಟೊಮ್ಯಾಟಿಕ್ ಕೂಡ ಹಳೇ 5 ಗೇರಿನ ಟಿಪ್ಟ್ರಾನಿಕ್. ಈಗಿನ ಕಾಲಕ್ಕೆ ನಿಧಾನ ಅನ್ನಿಸುತ್ತದೆ.

2009ರ ಬದಲಾವಣೆ ದೊಡ್ಡದು. ಹೊಸ ಎಂಜಿನ್ನಿನಲ್ಲಿ ಆ ನಡುವಿನ ಶಾಫ್ಟೇ ಇಲ್ಲ, ಆದ್ದರಿಂದ ಐಎಂಎಸ್ ಬೇರಿಂಗಿನ ಪ್ರಶ್ನೆಯೇ ಏಳುವುದಿಲ್ಲ. ಸಿಲಿಂಡರ್ ಬ್ಲಾಕಿನ ಲೋಹ, ವಿನ್ಯಾಸ ಎರಡೂ ಬೇರೆ. ಗೀರಿನ ಕಾಟ ಬಹುಪಾಲು ಹೋಯಿತು. ಸಾದಾ ಬಾಕ್ಸ್‌ಸ್ಟರಿಗೆ 2.9 ಲೀಟರ್, 255 ಕುದುರೆ ಶಕ್ತಿ. ಎಸ್‌ಗೆ 3.4 ಲೀಟರ್, 310. ಎಸ್‌ನಲ್ಲಿ ಮಾತ್ರ ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್. ಟಿಪ್ಟ್ರಾನಿಕ್ ಜಾಗಕ್ಕೆ ಎರಡು ಕ್ಲಚ್ಚಿನ 7 ಗೇರಿನ ಪಿಡಿಕೆ ಬಂತು. ಹಾಗಂತ ಚಿಂತೆಯೇ ಇಲ್ಲ ಅಂತಲ್ಲ. ಎಸ್‌ನ ಹೈ ಪ್ರೆಶರ್ ಪೆಟ್ರೋಲ್ ಪಂಪ್ ಸೊರಗಿದರೆ ಬಿಸಿ ಎಂಜಿನ್ ಚಾಲೂ ಆಗಲು ತಡಮಾಡುತ್ತದೆ, ಎಳೆತ ತಗ್ಗುತ್ತದೆ. ಮೊದಮೊದಲ ಪಿಡಿಕೆಗಳಲ್ಲಿ ಒಳಗಿನ ಸೆನ್ಸರ್ ಹೋಗಿ ಗೇರ್ ಬೀಳದೆ ನಿಂತದ್ದುಂಟು. ಗೇರ್‌ಬಾಕ್ಸ್ ಬಿಚ್ಚಿ ಸೆನ್ಸರ್ ಮಾತ್ರ ಬದಲಿಸಬಲ್ಲವರು ಕಡಿಮೆ, ಪೂರ್ತಿ ಗೇರ್‌ಬಾಕ್ಸಿಗೇ ಬಿಲ್ ಬರಬಹುದು. 2.9 ಲೀಟರಿನ ಸಾದಾ ಕಾರಿನಲ್ಲಿ ಡೈರೆಕ್ಟ್ ಇಂಜೆಕ್ಷನ್ ಇಲ್ಲ, ಆ ಪಂಪಿನ ತಲೆನೋವೂ ಇಲ್ಲ. ಈ ಪೀಳಿಗೆಯಲ್ಲಿ ಅದೇ ಹೆಚ್ಚು ನಿಶ್ಚಿಂತೆಯ ಕಾರು, ಆದರೆ ಮಾರುಕಟ್ಟೆಯಲ್ಲಿ ಎಸ್‌ಗೇ ಮರ್ಯಾದೆ.

981ಕ್ಕೆ ಬಂದರೆ, ಅದೇ ಹೊಸ ಎಂಜಿನ್ ಕುಟುಂಬ, ಜೊತೆಗೆ ಪೂರ್ತಿ ಹೊಸ ಬಾಡಿ. ಸಾದಾ ಬಾಕ್ಸ್‌ಸ್ಟರ್ 2.7 ಲೀಟರ್, 265 ಕುದುರೆ ಶಕ್ತಿ; ಎಸ್ 3.4 ಲೀಟರ್, 315. ಸ್ಟಿಯರಿಂಗ್ ಹೈಡ್ರಾಲಿಕ್ ಹೋಗಿ ಎಲೆಕ್ಟ್ರಿಕ್ ಆಯಿತು, ಹ್ಯಾಂಡ್ ಬ್ರೇಕ್ ಬಟನ್ ಆಯಿತು. ಸ್ಟಿಯರಿಂಗಿನ ವಿಷಯದಲ್ಲಿ ಹಳೆಯದೇ ಮೇಲು, ರಸ್ತೆಯ ಸುದ್ದಿ ಕೈಗೆ ಚೆನ್ನಾಗಿ ತಿಳಿಯುತ್ತಿತ್ತು. ಉಳಿದೆಲ್ಲದರಲ್ಲೂ, ಅಂದರೆ ಬಾಡಿಯ ಬಿಗಿ, ಎಸಿ, ಒಳಗಿನ ಜಾಗ, ಛಾವಣಿ, ಇವುಗಳಲ್ಲಿ 981 ಒಂದು ಮೆಟ್ಟಿಲು ಮೇಲೆ. ಬಟ್ಟೆಯ ಛಾವಣಿ ಸುಮಾರು 9 ಸೆಕೆಂಡಿನಲ್ಲಿ ಮಡಚುತ್ತದೆ, ಗಂಟೆಗೆ 50 ಕಿಲೋಮೀಟರ್ ವೇಗದವರೆಗೂ ಓಡುತ್ತಲೇ ತೆರೆಯಬಹುದು. ಇದರ ಮಾಮೂಲಿ ಕಾಯಿಲೆಗಳು ಕೂಲಂಟಿಗೆ ಸೇರಿದವು: ವಾಟರ್ ಪಂಪ್ ಸೋರುವುದು, ಕೂಲಂಟ್ ಹರಿವನ್ನು ತಿರುಗಿಸುವ ವಾಲ್ವ್ ಸೋರುವುದು. ಒಣಗಿದ ಕೂಲಂಟ್ ಗುಲಾಬಿ ಬಣ್ಣದ ಹಕ್ಕಳೆಯಾಗಿ ಅಂಟಿರುತ್ತದೆ, ಕಾರು ಎತ್ತಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ದುಬಾರಿಯೇ, ಆದರೆ ಎಂಜಿನ್ ನುಂಗುವ ಕಾಯಿಲೆಗಳಲ್ಲ.

981ರೊಳಗೆ ಯಾವ ವರ್ಷ ಅಂದರೆ, 2013ಕ್ಕೂ 2016ಕ್ಕೂ ಯಂತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಸರ್ವಿಸ್ ಫೈಲ್ ಪೂರ್ತಿ ಇರುವ 2013ರ ಕಾರು, ಫೈಲೇ ಇಲ್ಲದ 2015ಕ್ಕಿಂತ ಮೇಲು. ವರ್ಷಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಚಕ್ರದ ಅಳತೆ ನೋಡಿ ಉಳಿಸಿ. 20 ಇಂಚಿನ ಚಕ್ರ ಫೋಟೋದಲ್ಲಿ ಚೆಂದ. ಟೈರಿನ ಗೋಡೆ ಎರಡು ಬೆರಳಷ್ಟೂ ಇಲ್ಲದಂತೆ ಕಾಣುತ್ತದೆ. ಮಂಡ್ಯದ ಒಳರಸ್ತೆಗಳಿಗೆ 18 ಇಂಚು, ಹೆಚ್ಚೆಂದರೆ 19. ಪಿಎಎಸ್ಎಂ ಅನ್ನುವ ಹೊಂದಿಸಬಲ್ಲ ಸಸ್ಪೆನ್ಷನ್ ಇದ್ದರೆ ಕಾರು 10 ಮಿಲಿಮೀಟರ್ ತಗ್ಗಾಗಿಯೂ ಇರುತ್ತದೆ, ಅದರ ಶಾಕ್ ಅಬ್ಸಾರ್ಬರ್ ಬೆಲೆಯೂ ಹೆಚ್ಚು. ಅದಿಲ್ಲದ ಕಾರು ಸಿಕ್ಕರೆ ಬೇಸರ ಬೇಡ.

718ರ ಮಾತು ಬೇಗ ಮುಗಿಸೋಣ. ಆರು ಸಿಲಿಂಡರ್ ಹೋಗಿ ನಾಲ್ಕು ಸಿಲಿಂಡರಿನ ಟರ್ಬೊ ಬಂತು: ಸಾದಾದ್ದು 2 ಲೀಟರ್, 300 ಕುದುರೆ ಶಕ್ತಿ, ಎಸ್ 2.5 ಲೀಟರ್, 350. ವೇಗದಲ್ಲಿ 981ಕ್ಕಿಂತ ಇದು ಮುಂದೆ, ಕೆಳಗಿನ ಆರ್‌ಪಿಎಮ್ಮಿನಲ್ಲೇ ಎಳೆಯುತ್ತದೆ, ಬ್ರೇಕೂ ಸುಧಾರಿಸಿದೆ. ಸದ್ದು ಮಾತ್ರ ಗೊಗ್ಗರು. ಆರು ಸಿಲಿಂಡರ್ ವಾಪಸ್ ಬಂದದ್ದು 2019ರ ಸ್ಪೈಡರ್, ಜಿಟಿ4 ಮಾದರಿಗಳಲ್ಲಿ, ಆಮೇಲೆ 2020ರ 4 ಲೀಟರ್ ಜಿಟಿಎಸ್‌ನಲ್ಲಿ, ಅವುಗಳ ಬೆಲೆ ಬೇರೆ ಲೋಕದ್ದು. ತಿಂಗಳಿಗೆ ಮೂರು ಸಲ ಖುಷಿಗೆ ಓಡಿಸುವವರಿಗೆ ಸದ್ದೇ ಅರ್ಧ ಕಾರು ಅನ್ನುವುದು ನಮ್ಮ ಅಭಿಪ್ರಾಯ. ದಿನಾ ಬೆಂಗಳೂರಿಗೆ ಹೋಗಿಬರುವವರಾಗಿದ್ದರೆ 718 ಅನ್ನುತ್ತಿದ್ದೆವು.

ಇನ್ನು ವರ್ಷ ಗೊತ್ತುಮಾಡುವುದು ಹೇಗೆ. ಇಲ್ಲೇ ಬಹಳ ಜನ ಎಡವುವುದು. ಒಂದು ಕಾರಿಗೆ ಮೂರು ವರ್ಷಗಳಿರುತ್ತವೆ: ತಯಾರಾದದ್ದು, ನೋಂದಣಿಯಾದದ್ದು, ಮಾಡೆಲ್ ವರ್ಷ. ಈ ಕಾರುಗಳು ಪೂರ್ತಿ ಜೋಡಣೆಯಾಗಿ ಹೊರದೇಶದಿಂದ ಬಂದವು. ಹಡಗು, ಬಂದರು, ಷೋರೂಮ್ ದಾಟಿ ನೋಂದಣಿಯಾಗುವಷ್ಟರಲ್ಲಿ ವರ್ಷವೇ ತಿರುಗಿರಬಹುದು. ಮಾರುವವರು ಹೇಳುವುದು ಯಾವಾಗಲೂ ಮೂರರಲ್ಲಿ ಹೊಸದನ್ನೇ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಮಾಡೆಲ್ ವರ್ಷ ಚಾಸಿ ನಂಬರಿನ 17 ಅಕ್ಷರಗಳಲ್ಲಿ ಹತ್ತನೆಯದರಲ್ಲಿದೆ: 7 ಅಂದರೆ 2007, 9 ಅಂದರೆ 2009, ಅಲ್ಲಿಂದ ಇಂಗ್ಲಿಷ್ ಅಕ್ಷರಮಾಲೆ ಶುರು. ಎ ಅಂದರೆ 2010, ಬಿ 2011, ಸಿ 2012, ಡಿ 2013, ಇ 2014, ಎಫ್ 2015, ಜಿ 2016, ಎಚ್ 2017. ಏಳು, ಎಂಟನೆಯ ಜಾಗದಲ್ಲಿ 98 ಇದ್ದು, ಹನ್ನೆರಡನೆಯ ಜಾಗದಲ್ಲಿ 7 ಇದ್ದರೆ ಅದು 987, 1 ಇದ್ದರೆ 981. 2008ರ ಕೊನೆ, 2009ರ ಮೊದಲಲ್ಲಿ ತಯಾರಾದ ಕಾರಾದರೆ ಇಷ್ಟಕ್ಕೇ ನಂಬಬೇಡಿ, ಎಂಜಿನ್ ನಂಬರನ್ನೂ ನೋಡಿ: ಎಂ97 ಅಂತ ಶುರುವಾದರೆ ಹಳೇ ಎಂಜಿನ್, ಎಂಎ1 ಅಂತ ಶುರುವಾದರೆ ಹೊಸದು. ಗಾಜಿನ ಕೆಳಗೆ ಕಾಣುವ ಚಾಸಿ ನಂಬರ್, ಆರ್‌ಸಿ, ಇನ್ಶೂರೆನ್ಸ್ ಮೂರೂ ಒಂದೇ ಇರಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ವರ್ಷಕ್ಕೆ ಇನ್ನೊಂದು ತೂಕವೂ ಇದೆ, ಅದು 15 ವರ್ಷದ ಗಡಿ. ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ಕಾರಿಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ಕಾರನ್ನು ತೋರಿಸಿ ಆರ್‌ಸಿ ನವೀಕರಿಸಬೇಕು. ನವೀಕರಣ 5 ವರ್ಷಕ್ಕೆ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಮಾಮೂಲಿ ಕಾರಿಗೆ ಇದರ ಶುಲ್ಕ 5,000 ರೂಪಾಯಿ, ಆಮದು ಕಾರಿಗೆ 40,000. ಅದರ ಮೇಲೆ ಹಸಿರು ತೆರಿಗೆ. ನಿಮ್ಮ ಪಟ್ಟಿಯ 2007ರ ಕಾರು ಈ ಗಡಿ ಎಂದೋ ದಾಟಿದೆ, 2010ರದ್ದೂ ಗಡಿಯ ಆಚೆಗೆ ಬಂದಾಯಿತು. ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಆರ್‌ಸಿ ಸಕ್ರಿಯ ಇದೆಯೇ, ಎಲ್ಲಿಯವರೆಗೆ ಇದೆ ಅಂತ ನೋಡದೆ ಮಾತುಕತೆಗೇ ಕೂರಬೇಡಿ. ದೆಹಲಿ ವಲಯದಲ್ಲಿ ಹಳೇ ಪೆಟ್ರೋಲ್ ಕಾರುಗಳ ಮೇಲೆ 15 ವರ್ಷದ ನಿರ್ಬಂಧದ ಕತ್ತಿ ತೂಗುತ್ತಿದ್ದುದರಿಂದಲೇ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುವುದು. ಅಗ್ಗದ ಕಾರಣ ಕಾರಿನಲ್ಲೇ ಇರಬೇಕೆಂದಿಲ್ಲ, ಕಾಗದದಲ್ಲೂ ಇರಬಹುದು.

ತಪಾಸಣೆ. ಅಧಿಕೃತ ಸರ್ವಿಸ್ ಬೆಂಗಳೂರಿನಲ್ಲಿದೆ. ಪಿವಿಸ್ ಅನ್ನುವ ಪೋರ್ಷೆಯದೇ ಪರೀಕ್ಷಾ ಯಂತ್ರ ಇರುವ ಕಡೆಗೇ ಹೋಗಬೇಕು. ಸಾಮಾನ್ಯ ಸ್ಕ್ಯಾನರ್ ಸಾಲದು. ಮುಂಬೈಯ ಕಾರನ್ನು ಅಲ್ಲಿಯ ವರ್ಕ್‌ಷಾಪಿನಲ್ಲೇ ನೋಡಿಸಿ, ವರದಿಯನ್ನು ನಿಮ್ಮ ಹೆಸರಿಗೇ ತರಿಸಿಕೊಳ್ಳಿ. ಆನೆ ಕೊಳ್ಳಲು ಹೊರಟವರು ಅಂಕುಶಕ್ಕೆ ಚೌಕಾಸಿ ಮಾಡಬಾರದು. ತಪಾಸಣೆಯ ಖರ್ಚು ನಿಮ್ಮದೇ ಇರಲಿ.

ಆ ವರದಿಯಲ್ಲಿ ಮುಖ್ಯವಾಗಿ ಎರಡು ಅಂಕಿ ಕೇಳಿ. ಒಂದು, ಎಂಜಿನ್ ಓಡಿದ ಒಟ್ಟು ಗಂಟೆ. ಮೀಟರಿನ ಕಿಲೋಮೀಟರನ್ನು ಆ ಗಂಟೆಯಿಂದ ಭಾಗಿಸಿ. ನಮ್ಮ ಊರುಗಳಲ್ಲಿ ಓಡಿದ ಕಾರಿಗೆ ಗಂಟೆಗೆ 25ರಿಂದ 40ರ ನಡುವೆ ಬಂದರೆ ಸಹಜ. ಮೀಟರಿನಲ್ಲಿ 21,000, ಗಂಟೆ 1,500 ಅಂತಿದ್ದರೆ ಸರಾಸರಿ 14. ಒಂದೋ ಇಡೀ ಆಯುಸ್ಸು ಮುಂಬೈ ಟ್ರಾಫಿಕ್ಕಿನಲ್ಲಿ ಕಳೆದಿದೆ, ಇಲ್ಲವೋ ಮೀಟರ್ ತಿರುಗಿಸಿದ್ದಾರೆ. ಎರಡಕ್ಕೂ ಬೆಲೆ ಇಳಿಯಬೇಕು. ಇನ್ನೊಂದು, ಓವರ್ ರೆವ್ ದಾಖಲೆ. ಎಂಜಿನ್ ಮಿತಿ ಮೀರಿ ತಿರುಗಿದ್ದನ್ನು ಕಂಪ್ಯೂಟರ್ ಆರು ಹಂತದಲ್ಲಿ ಬರೆದಿಡುತ್ತದೆ. ಮೊದಲ ಎರಡು ಹಂತದಲ್ಲಿ ಅಂಕಿ ಇದ್ದರೆ ಕಾರನ್ನು ಖುಷಿಯಾಗಿ ಓಡಿಸಿದ್ದಾರೆ ಅಂತ ಅರ್ಥ, ಅಷ್ಟೆ. ನಾಲ್ಕರಿಂದ ಆರರಲ್ಲಿ ಇದ್ದರೆ ಮೇಲಿನ ವೇಗದಲ್ಲಿ ತಪ್ಪಿ ಕೆಳಗಿನ ಗೇರ್ ಹಾಕಿದ್ದಾರೆ, ಅದೂ ಇತ್ತೀಚಿನ ಗಂಟೆಗಳಲ್ಲಿ ಆಗಿದ್ದರೆ ಆ ಕಾರು ಬೇಡ. ಪಿಡಿಕೆ ತಪ್ಪು ಗೇರಿಗೆ ಒಪ್ಪುವುದಿಲ್ಲವಾದ್ದರಿಂದ ಈ ಭಯ ಹೆಚ್ಚಾಗಿ ಮ್ಯಾನುವಲ್ ಕಾರುಗಳದ್ದು.

ನೀವೇ ನೋಡಬೇಕಾದವೂ ಇವೆ. ಹೋಗುವ ಮೊದಲೇ ಫೋನಿನಲ್ಲಿ ಹೇಳಿ, ಎಂಜಿನ್ ತಣ್ಣಗೇ ಇರಲಿ ಅಂತ. ನೀವು ಹೋಗುವಷ್ಟರಲ್ಲಿ ಬಿಸಿ ಇದ್ದರೆ ಏನೋ ಮುಚ್ಚಿದ್ದಾರೆ. ಚಾಲೂ ಮಾಡಿದ ಕೂಡಲೇ ಒಂದು ಸಲ ಬುಸ್ಸೆಂದು ಹೊಗೆ ಬಂದು ನಿಂತರೆ ಹೆದರಬೇಡಿ. ಮಲಗಿದ ಸಿಲಿಂಡರುಗಳಲ್ಲಿ ರಾತ್ರಿ ಆಯಿಲ್ ಇಳಿದಿರುತ್ತದೆ. ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ನಿನೊಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಹೋಗಿದೆ. ಎರಡು ಮೂರು ಸೆಕೆಂಡ್ ಚೈನ್ ಸದ್ದು ಬಂದು ಅಡಗಿದರೆ ಸರಿ, ಮುಂದುವರಿದರೆ ಸರಿಯಲ್ಲ. ಪಿಡಿಕೆಯನ್ನು ತಣ್ಣಗಿರುವಾಗಲೇ ಡ್ರೈವಿನಿಂದ ರಿವರ್ಸಿಗೆ, ರಿವರ್ಸಿನಿಂದ ಡ್ರೈವಿಗೆ ನಾಲ್ಕೈದು ಸಲ ಹಾಕಿ, ತಡವರಿಸಬಾರದು, ಒದೆಯಬಾರದು. ಬ್ರೇಕ್ ಬಿಟ್ಟು ನಡೆಯುವ ವೇಗದಲ್ಲಿ ತೆವಳಿಸಿ, ನಡುಗಬಾರದು.

ಆಮೇಲೆ ರಸ್ತೆ. ಮೈಸೂರಿನ ಹತ್ತಿರ ನೋಡುವುದಾದರೆ ರಿಂಗ್ ರೋಡಿನಲ್ಲಿ ಬಿಸಿ ಮಾಡಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ. ಮೇಲೆ ನಿಲ್ಲಿಸಿ, ಎಸಿ ಪೂರ್ತಿ ಹಾಕಿ, ಹತ್ತು ನಿಮಿಷ ಚಾಲೂ ಇಡಿ. ಮುಂದಿನ ಎರಡೂ ಬದಿಯ ಫ್ಯಾನ್ ತಿರುಗಬೇಕು, ಉಷ್ಣಾಂಶದ ಮುಳ್ಳು ಅಲುಗಬಾರದು, ಎಸಿ ತಣ್ಣಗೇ ಇರಬೇಕು. ಹಳೇ 987ರಲ್ಲಿ ಫ್ಯಾನಿನ ನಿಧಾನ ವೇಗದ ರೆಸಿಸ್ಟರ್ ಸುಟ್ಟುಹೋಗಿ ಜೋರು ವೇಗ ಮಾತ್ರ ಉಳಿದಿರುವುದು ಸಾಮಾನ್ಯ. ಬೆಟ್ಟ ಇಳಿಯುವಾಗ ಬ್ರೇಕ್ ಹಾಕಿ ಸ್ಟಿಯರಿಂಗ್ ನಡುಗುತ್ತದೆಯೇ ನೋಡಿ. ಬೆಂಗಳೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾಗಳಿವೆ. ಚಕ್ರದ ಅದುರಾಟ ತಿಳಿಯಲು ಅಷ್ಟು ವೇಗ ಧಾರಾಳ ಸಾಕು. ಹಂಪ್ ದಾಟುವಾಗ ಮುಂದಿನಿಂದ ಟಕ್ಕೆಂದರೆ ಸಸ್ಪೆನ್ಷನ್ನಿನ ಕಂಟ್ರೋಲ್ ಆರ್ಮ್ ಬುಷ್ ಇಲ್ಲವೇ ಟಾಪ್ ಮೌಂಟ್ ಸವೆದಿದೆ.

ಟೈರಿನ ಮೇಲಿನ ನಾಲ್ಕಂಕಿ ಓದಿ, 2319 ಅಂದರೆ 2019ರ 23ನೇ ವಾರ. ಈ ಕಾರುಗಳಲ್ಲಿ ಟೈರ್ ಸವೆಯುವ ಮುಂಚೆ ಮುದಿಯಾಗುತ್ತದೆ; ಆರು ವರ್ಷ ದಾಟಿದ್ದರೆ ಮೇಲಿನ ಕಚ್ಚು ಎಷ್ಟೇ ಆಳ ಇದ್ದರೂ ಬದಲಿಸುವ ಲೆಕ್ಕ ಹಾಕಿಕೊಳ್ಳಿ. ಹಿಂದಿನ ಟೈರಿನ ಒಳ ಅಂಚನ್ನು ಬಗ್ಗಿ ನೋಡಿ. ಚಕ್ರ ಒಳಕ್ಕೆ ವಾಲಿರುವುದರಿಂದ ಅಲ್ಲೇ ಮೊದಲು ಸವೆಯುವುದು, ನಿಂತು ನೋಡಿದವರಿಗೆ ಕಾಣುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಅಳತೆ ಬೇರೆ: 981ರ 19 ಇಂಚಿಗೆ ಮುಂದೆ 235/40, ಹಿಂದೆ 265/40. 981ರಲ್ಲಿ ಸ್ಟೆಪ್ನಿ ಇಲ್ಲ, ಅಂಟು ತುಂಬುವ ಕಿಟ್ ಮಾತ್ರ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ರಾತ್ರಿ ಹೊತ್ತು ಗುಂಡಿಗೆ ಬಿದ್ದು ಟೈರಿನ ಪಕ್ಕೆ ಹರಿದರೆ ಆ ಕಿಟ್ ಕೆಲಸಕ್ಕೆ ಬರುವುದಿಲ್ಲ, ಟೋಯಿಂಗ್ ಗಾಡಿಯೇ ಬರಬೇಕು. ಅದೂ ಫ್ಲಾಟ್‌ಬೆಡ್ಡೇ ಆಗಿರಬೇಕು.

ನೆರೆ ನೀರು ಕುಡಿದ ಕಾರಿನ ಭಯ ನಾಲ್ಕಕ್ಕೂ ಇದೆ. ಮುಂಬೈ, ಕೊಚ್ಚಿ ಹೇಳಿಕೇಳಿ ಮಳೆಯೂರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಲ್ಲಾಗಳಲ್ಲೇ ದುಬಾರಿ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲೇ ಸಿಗುವುದು. ಸೀಟಿನ ಕಂಬಿಯ ಬೋಲ್ಟುಗಳಲ್ಲಿ ತುಕ್ಕು, ಮುಂದಿನ ಡಿಕ್ಕಿಯ ಕಾರ್ಪೆಟ್ ಅಡಿ ಮಣ್ಣು ಇದ್ದರೆ ಮತ್ತೇನೂ ಕೇಳುವುದು ಬೇಡ. ಇನ್ಶೂರೆನ್ಸ್ ಕ್ಲೇಮ್‌ಗಳ ವಿವರವನ್ನೂ ಮಾಲೀಕರಿಂದಲೇ ಬರೆಸಿ ತರಿಸಿಕೊಳ್ಳಿ.

ಮೈಸೂರು ಸೀಮೆಯಲ್ಲಿ ಈ ಕಾರಿನ ದೊಡ್ಡ ಶತ್ರು ಮರ. ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಬಾಯೊಳಗೆ, ನೆಲಕ್ಕೆ ಹತ್ತಿರ ಇವೆ, ಅವುಗಳ ಮುಂದೆ ಎಸಿಯ ಕಂಡೆನ್ಸರ್. ಮಳೆಮರ, ಗುಲ್‌ಮೊಹರಿನ ಎಲೆ, ಹೂವು, ಕಾಯಿಚೂರು ಒಳಗೆ ಸೇರಿ, ಮಳೆಗೆ ಕೊಳೆತು, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಎರಡರ ನಡುವೆ ಸೇರಿದ ಕಸ ಹೊರಗಿನಿಂದ ನೀರು ಹೊಡೆದರೆ ಬರುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬಂಪರ್ ಬಿಚ್ಚಿಸಿ ತೆಗೆಸಬೇಕು. ಬಟ್ಟೆ ಛಾವಣಿಯ ನೀರು ಇಳಿಯುವ ತೂತುಗಳೂ ಹೀಗೇ ಕಟ್ಟಿಕೊಳ್ಳುತ್ತವೆ. ಆಗ ನೀರು ಒಳಗಿಳಿದು ಕಾರ್ಪೆಟ್ ಅಡಿಯ ವೈರಿಂಗ್ ಹಾಳಾಗುತ್ತದೆ. ನೋಡಲು ಹೋದಾಗ ಅರ್ಧ ಲೋಟ ನೀರು ಆ ತೂತಿಗೆ ನಿಧಾನಕ್ಕೆ ಬಿಟ್ಟು, ಕಾರಿನ ಕೆಳಗೆ ಇಳಿಯಿತೇ ನೋಡಿ.

ಪೆಟ್ರೋಲಿನ ವಿಷಯದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಜನ ಒಂದು ಮಾಡುತ್ತಾರೆ. ಆಕ್ಟೇನ್ ಒಂದು: ಈ ಎಂಜಿನ್ನುಗಳಿಗೆ 98 ಬೇಕು, 95 ಕನಿಷ್ಠ. ಎಥೆನಾಲ್ ಇನ್ನೊಂದು: ಈಗ ಬಂಕುಗಳಲ್ಲಿ ಸಿಗುವುದು 20% ಬೆರೆಸಿದ್ದು, ಇಷ್ಟು ಹಳೆಯ ಕಾರುಗಳು ಅದಕ್ಕೆಂದು ಮಾಡಿದವಲ್ಲ. ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿ ಓದಿ, ಹೆಚ್ಚು ಆಕ್ಟೇನಿನದ್ದನ್ನೇ ಹಾಕಿಸಿ, ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳಿಗೆ ಎರಡು ಸಲ ಓಡಿಸುವವರು ಬ್ಯಾಟರಿಗೆ ಮೇಂಟೆನೆನ್ಸ್ ಚಾರ್ಜರ್ ಹಾಕಿಡಲೇಬೇಕು. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಡಿಕ್ಕಿ ತೆರೆಯುವುದು ಕರೆಂಟಿನಲ್ಲಿ. ಬ್ಯಾಟರಿ ಸತ್ತರೆ ಒಳಗೆ ಕಾಲಿಡುವ ಜಾಗದ ಬಳಿಯ ಫ್ಯೂಸ್ ಪೆಟ್ಟಿಗೆಯಲ್ಲಿರುವ ತುರ್ತು ಟರ್ಮಿನಲ್ಲಿಗೆ ಬೇರೆ ಬ್ಯಾಟರಿಯ ಕರೆಂಟು ಕೊಟ್ಟು ತೆರೆಯಬೇಕು. ಕೊಳ್ಳುವ ದಿನವೇ ಅದನ್ನು ತೋರಿಸಿಕೊಳ್ಳಿ. ಎಷ್ಟೇ ಕಡಿಮೆ ಓಡಿದ್ದರೂ ಆಯಿಲ್ ವರ್ಷಕ್ಕೊಮ್ಮೆ, 0ಡಬ್ಲ್ಯೂ-40, ಪೋರ್ಷೆ ಎ40 ಒಪ್ಪಿಗೆ ಇರುವುದು. 7ರಿಂದ 8 ಲೀಟರ್ ಹಿಡಿಯುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಪಿಡಿಕೆಯ ಕ್ಲಚ್ ಆಯಿಲ್ 90,000 ಕಿಲೋಮೀಟರಿಗೆ ಇಲ್ಲವೇ 6 ವರ್ಷಕ್ಕೊಮ್ಮೆ. 2014ರ ಕಾರಿಗೆ ಇದು ಆಗಿರಲೇಬೇಕು, ಬಿಲ್ ಕೇಳಿ. ಕೊಂಡ ಬೆಲೆಯ 15ರಿಂದ 20% ಮೊದಲ ವರ್ಷದ ಕೆಲಸಕ್ಕೆ ಎತ್ತಿಡದೆ ಯಾವ ಹಳೇ ಪೋರ್ಷೆಯನ್ನೂ ತರಬೇಡಿ.

ಮುಂಬೈಯ ಕಾರು ಮಂಡ್ಯಕ್ಕೆ ಬರಬೇಕಾದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಸಾಲ ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35, ಹಸ್ತಾಂತರಕ್ಕೆ 29 ಮತ್ತು 30. ಇಲ್ಲಿ ಫಾರಂ 27 ಕೊಟ್ಟು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ ಕೆಎ 11 ನಂಬರ್ ಮಾಡಿಸಬೇಕು. ಈ ತೆರಿಗೆ ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಇನ್‌ವಾಯ್ಸ್ ಬೆಲೆಯ ಮೇಲೆ. 20 ಲಕ್ಷ ದಾಟಿದ ಹೊಸ ಕಾರಿಗೆ 18% ಇರುವುದು ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ, ಆದರೂ ಮೂಲ ಬೆಲೆ ದೊಡ್ಡದಾದ್ದರಿಂದ ಲಕ್ಷಗಳ ಮಾತು. ಮಂಡ್ಯ ಆರ್‌ಟಿಒದಲ್ಲಿ ಇನ್‌ವಾಯ್ಸ್ ಪ್ರತಿ ತೋರಿಸಿ ಅಂದಾಜು ಮಾಡಿಸಿಕೊಂಡ ಮೇಲೇ ಮುಂಬೈಯವರ ಜೊತೆ ಬೆಲೆ ಕುದುರಿಸಿ. ಬೆಂಗಳೂರಿನ 2010ರ ಕಾರಿಗೆ ಈ ಖರ್ಚಿಲ್ಲ. ಎರಡರ ನಡುವಿನ ಅಂತರ ಹಾಕುವಾಗ ಇದನ್ನೂ ಸೇರಿಸಿ. ತೆರಿಗೆ ತಪ್ಪಿಸಲು ಹಳೇ ನಂಬರಿನಲ್ಲೇ ಓಡಿಸಿ ಅನ್ನುವ ದಲ್ಲಾಳಿಗಳ ಮಾತು ಕೇಳಬೇಡಿ, ಹೊರರಾಜ್ಯದ ನಂಬರಿನ ದುಬಾರಿ ಕಾರುಗಳ ಮೇಲೆ ಸಾರಿಗೆ ಇಲಾಖೆಯ ಕಣ್ಣಿದೆ.

ಮುಂಗಡ ಕೊಡುವಾಗ ಚೀಟಿಯಲ್ಲಿ ಮೂರು ಸಾಲು ಬರೆಸಿ: ತಪಾಸಣೆಯಲ್ಲಿ ದೋಷ ಕಂಡರೆ ಹಣ ವಾಪಸ್, ಎನ್‌ಒಸಿ ಕೈಗೆ ಬಂದ ಮೇಲೇ ಬಾಕಿ ಹಣ, ಎರಡೂ ಕೀಲಿ ಮತ್ತು ಸರ್ವಿಸ್ ಫೈಲ್ ಕಾರಿನ ಜೊತೆಗೇ. ಎರಡನೇ ಕೀಲಿ ಇಲ್ಲ ಅಂದರೆ ಹೊಸ ಕೀಲಿ ಮಾಡಿಸಿ ಕಾರಿಗೆ ಹೊಂದಿಸುವ ಖರ್ಚನ್ನು ಅಲ್ಲೇ ಬೆಲೆಯಲ್ಲಿ ಕಳೆದುಕೊಳ್ಳಿ.